ಸಾಹೇಬರ ಕೆಂಪು ದೀಪ

ಸಾಹೇಬರ ಕೋಣೆಯ ಬಾಗಿಲ ಮೇಲೆ ಒಂದು ಕೆಂಪು ದೀಪ. ಅದು ಉರಿಯುತ್ತಿದ್ದರೆ ಸಾಹೇಬರು ಒಳಗಿದ್ದಾರೆ ಅಂತ ಅರ್ಥ. ಆರುವ ತನಕ ಯಾರೂ ಮನೆಗೆ ಹೊರಡುವಂತಿಲ್ಲ, ಬಾಗಿಲು ತಟ್ಟುವಂತೆಯೂ ಇಲ್ಲ. ಹೀಗಂತ ಯಾರು ಹೇಳಿದರು, ಯಾವಾಗ ಹೇಳಿದರು ಅಂತ ನನ್ನನ್ನು ಕೇಳಬೇಡಿ. ಆ ಕಚೇರಿಯಲ್ಲೇ ಯಾರಿಗೂ ಗೊತ್ತಿಲ್ಲ.

ಆ ಸಂಜೆ ಟೈಪಿಸ್ಟ್ ಗಳಿಗೆಗೊಮ್ಮೆ ಗಡಿಯಾರ ನೋಡುತ್ತಿದ್ದ. ಮಧ್ಯಾಹ್ನ ಅಕ್ಕ ಫೋನ್ ಮಾಡಿದ್ದಳು. “ನಾಳೆ ಬೆಳಗ್ಗೆ ಅಮ್ಮಂಗೆ ಆಪರೇಶನ್ ಕಣೋ. ನಿನ್ನ ಮುಖ ನೋಡದೆ ಒಳಗೆ ಹೋಗಲ್ಲ ಅಂತ ಹಟ ಹಿಡಿದು ಕೂತಿದ್ದಾಳೆ. ಆರು ಗಂಟೆ ಬಸ್ಸು ತಪ್ಪಿಸ್ಕೋಬೇಡ, ಆಮೇಲೆ ಬಸ್ಸೇ ಇಲ್ಲ.”

ಐದೂವರೆಯಾದರೂ ದೀಪ ಉರಿಯುತ್ತಲೇ ಇತ್ತು.

“ಸಾರ್, ನಾನು ಹೊರಡಲಾ?” ಹೆಡ್ ಗುಮಾಸ್ತರ ಮುಂದೆ ಹಲ್ಲು ಗಿಂಜಿದ.

“ಬಿಡೋಕೆ ನಾನ್ಯಾರಪ್ಪ? ಸಾಹೇಬರು ಬೆಳಗ್ಗೆಯಿಂದ ಬೆಂಕಿ ಬೆಂಕಿ ಆಗಿದ್ದಾರೆ!”

“ಹೌದೌದು, ನನಗೂ ಬೈದರಂತೆ,” ಎಂದರು ಕ್ಯಾಷಿಯರಮ್ಮ. ಬೈದ ಸುದ್ದಿಯನ್ನು ತಂದು ಮುಟ್ಟಿಸಿದವರೂ ಹೆಡ್ ಗುಮಾಸ್ತರೇ.

ಬಡಪಾಯಿ ಇನ್ನೇನು ಮಾಡಿಯಾನು? ದೇವರ ಮೇಲೆ ಭಾರ ಹಾಕಿ ಬಾಗಿಲು ತಳ್ಳಿಯೇಬಿಟ್ಟ. ಒಳಗೆ ನರಪಿಳ್ಳೆಯೂ ಇಲ್ಲ. ಬೆಳಗ್ಗೆ ಮೇಜು ಒರೆಸುವಾಗ ಕಸಗುಡಿಸುವವಳ ಕೈ ಅಲ್ಲಿದ್ದ ಸ್ವಿಚ್ಚಿಗೆ ತಾಗಿ ದೀಪ ಹತ್ತಿಕೊಂಡಿತ್ತು, ಅಷ್ಟೇ.

“ಯಾರೂ ಇಲ್ರೀ!” ಅಂತ ಕುಣಿಯುತ್ತ ಹೊರಗೆ ಬಂದ. “ಸಾಹೇಬರು ಇವತ್ತು ಬಂದೇ ಇಲ್ಲ! ಆದ್ರೂ ಕೆಲಸ ಎಲ್ಲಾ ಆಯ್ತಲ್ಲ? ಹಾಗಾದ್ರೆ ನಮಗೆ ಸಾಹೇಬರು ಯಾಕ್ರೀ ಬೇಕು?”

ಎಲ್ಲರೂ ಖುಷಿಪಡುತ್ತಾರೆ ಅಂದುಕೊಂಡಿದ್ದ, ಪಾಪ. ಒಬ್ಬೊಬ್ಬರ ಮುಖವೂ ಕಪ್ಪಿಟ್ಟಿತು.

“ಮತ್ತೆ ಬೆಳಗ್ಗೆಯಿಂದ ನಾವು ಕೇಳಿದ್ದು ಯಾರ ಮಾತು?” ಎಂದರು ಕ್ಯಾಷಿಯರಮ್ಮ.

“ನಮ್ಮದೇ,” ಎಂದ ಟೈಪಿಸ್ಟ್.

“ಅಯ್ಯಯ್ಯೋ! ನಾಳೆ ಏನಾದ್ರೂ ಹೆಚ್ಚುಕಮ್ಮಿ ಆದ್ರೆ ಯಾರ ತಲೆಗೆ ಕಟ್ಟೋದು?”

ಹೆಡ್ ಗುಮಾಸ್ತರು ಬೆವರು ಒರೆಸಿಕೊಂಡರು. “ಕುರ್ಚಿ ಖಾಲಿ ಇರಬಾರದು. ಆ ಕೋಣೆಗೆ ಹೆದರದವನು ನೀನೊಬ್ಬನೇ. ನಡಿ ಒಳಗೆ.”

“ಸಾರ್, ನನ್ನ ಬಸ್ಸು...”

“ಎರಡು ನಿಮಿಷ ಕೂತ್ಕೊಂಡು ದೀಪ ಆರಿಸು ಮಾರಾಯ. ಎಲ್ಲರೂ ಪದ್ಧತಿ ಪ್ರಕಾರ ಹೊರಡೋಣ.”

ನಾಲ್ಕಾರು ಕೈ ಸೇರಿ ಅವನನ್ನು ಕುರ್ಚಿಗೆ ನೂಕಿದವು. ಎಲ್ಲಿ ಓಡಿಹೋಗುತ್ತಾನೋ ಅಂತ ಹೊರಗಿನಿಂದ ಚಿಲಕವೂ ಬಿತ್ತು.

ಅವನು ತಡಮಾಡದೆ ದೀಪ ಆರಿಸಿದ.

“ಸಾಹೇಬರು ಬಿಟ್ರು!” ಅಂತ ಯಾರೋ ಕೂಗಿದರು. ಕುರ್ಚಿಗಳು ಕಿರುಗುಟ್ಟಿದವು, ಊಟದ ಡಬ್ಬಿಗಳು ಗಲಗಲ ಅಂದವು, ಶಾಲೆ ಬಿಟ್ಟ ಮಕ್ಕಳ ಹಾಗೆ ಎಲ್ಲರೂ ಮೆಟ್ಟಿಲಿಳಿದು ಓಡಿದರು. “ಚಿಲಕ! ಚಿಲಕ ತೆಗೀರಿ!” ಅಂತ ಅವನು ಒಳಗಿಂದ ಅರಚಿದ. ದೀಪ ಆರಿದ ಮೇಲೆ ಆ ಬಾಗಿಲ ಕಡೆ ತಿರುಗಿ ನೋಡುವ ಅಭ್ಯಾಸ ಅಲ್ಲಿ ಯಾರಿಗೂ ಇರಲಿಲ್ಲ.

ಹೊರಗೆ, ಅವನು ಮೇಜಿನ ಮೇಲೆ ಬಿಟ್ಟಿದ್ದ ಮೊಬೈಲ್ ಫೋನ್ ಹೊಡೆದುಕೊಳ್ಳತೊಡಗಿತು. ಅಕ್ಕನೇ ಇರಬೇಕು. ನಿಂತು ಮತ್ತೆ ಹೊಡೆದುಕೊಂಡಿತು. ಕೂಗಿ ಕೂಗಿ ಅವನ ದನಿಯೇ ಬಿದ್ದುಹೋಗಿತ್ತು. ಯಾರಾದರೂ ನೋಡಲಿ ಅಂತ ದೀಪ ಹಾಕಿ, ಎರಡೂ ಕೈಯಲ್ಲಿ ಬಾಗಿಲು ಗುದ್ದತೊಡಗಿದ.

ಬೀಗ ಹಾಕಲು ಬಂದ ಕಾವಲುಗಾರ ಕೆಂಪು ದೀಪ ನೋಡಿ, ಒಳಗಿನ ಗುದ್ದು ಕೇಳಿ ಅಲ್ಲೇ ನಿಂತ.

“ಬೆಂಕಿ ಬೆಂಕಿ ಆಗಿದ್ದಾರೆ ಅಂದಿದ್ದು ನಿಜಾನೇ,” ಅಂತ ಗೊಣಗಿಕೊಂಡ.

ಸಾಹೇಬರ ಸಿಟ್ಟು ಇನ್ನೂ ಏರುವುದು ಬೇಡವೆಂದು, ಮೇಜಿನ ಮೇಲೆ ಹೊಡೆದುಕೊಳ್ಳುತ್ತಿದ್ದ ಫೋನನ್ನು ಆರಿಸಿಟ್ಟು, ತುದಿಗಾಲಲ್ಲಿ ಹೊರಗೆ ಹೋಗಿ ಕಚೇರಿಯ ಬಾಗಿಲು ಎಳೆದುಕೊಂಡ.