ಜೆರೆ ಭಾವನ ಬಾಕಿ ವಸೂಲಿ

“ಇವತ್ತು ಹೊತ್ತು ಮುಳುಗೋದ್ರೊಳಗೆ ಆ ದುಡ್ಡು ತಂದು ನಿನ್ನ ಮಡಿಲಿಗೆ ಸುರೀದಿದ್ರೆ ನನ್ನ ಹೆಸರು ಕಸೊಂಡೆನೇ ಅಲ್ಲ!”

ಹೆಂಡತಿ ಚಿಲೆಶೆ ಬನ್ನಿನ ಹಿಟ್ಟು ನಾದುವುದನ್ನು ನಿಲ್ಲಿಸಲಿಲ್ಲ. “ದಾರೀಲಿ ಹೋಗ್ತಾ ಬೇರೆ ಹೆಸರು ಯೋಚಿಸ್ಕೊಳ್ಳಿ” ಎಂದಳು.

ಅವಳ ಸಿಟ್ಟಿಗೆ ಕಾರಣವಿತ್ತು. ದುಡ್ಡು ಅವಳದ್ದೇ. ವರ್ಷವೆಲ್ಲ ಹೆಂಗಸರ ಚೀಟಿಗೆ ಕಟ್ಟಿ, ಬನ್ನು ಸುಡಲು ದೊಡ್ಡ ಒಲೆ ಕೊಳ್ಳಬೇಕೆಂದು ಎತ್ತಿದ ಹಣ. ಅದನ್ನು ಕಸೊಂಡೆ ಬಲು ಉದಾರವಾಗಿ ತನ್ನ ಜೀವದ ಗೆಳೆಯ ಜೆರೆಗೆ ಕೊಟ್ಟಿದ್ದ. ಜೆರೆ ಲುವಾನ್ಶ್ಯಾ ಪೇಟೆಯಲ್ಲಿ ಹಳೇ ಬಟ್ಟೆಯ ಮೂಟೆ ಬಿಚ್ಚಿ ಮಾರುವವನು. ‘ಒಂದೇ ವಾರ ಭಾವಾ’ ಎಂದು ಈಸಿಕೊಂಡಿದ್ದ. ಆ ವಾರ ಇನ್ನೂ ಮುಗಿದಿರಲಿಲ್ಲ!

ಕೇಳುವುದಕ್ಕೆ ಕಸೊಂಡೆಗೇನು ಬಾಯಿಲ್ಲವೆ? ತೊಂದರೆ ಇದ್ದದ್ದು ಬೇರೆ. ಕಸೊಂಡೆ ಬೆಂಬಾ ಬುಡಕಟ್ಟಿನವನು, ಜೆರೆ ಅಂಗೋನಿ ಬುಡಕಟ್ಟಿನವನು. ಮುತ್ತಾತಂದಿರು ಈಟಿ ಹಿಡಿದು ಬಡಿದಾಡಿದ ಲೆಕ್ಕಕ್ಕೆ ಮೊಮ್ಮಕ್ಕಳು ಈಗ ಗೇಲಿಯ ನೆಂಟರು. ಒಬ್ಬರನ್ನೊಬ್ಬರು ಎಷ್ಟು ಬೇಕಾದರೂ ಆಡಿಕೊಳ್ಳಬಹುದು. ಸಿಟ್ಟು ಮಾತ್ರ ಮಾಡಿಕೊಳ್ಳುವಂತಿಲ್ಲ. ಸಿಟ್ಟು ಮಾಡಿದವನು ಮನುಷ್ಯನೇ ಅಲ್ಲ! ಕಸೊಂಡೆ ಪೇಟೆಯ ನಡುವೆ ನಿಂತು “ನನ್ನ ದುಡ್ಡೆಲ್ಲೋ?” ಅಂದರೆ ಜೆರೆ ಕೈಯೆತ್ತಿ ಸಾರುತ್ತಿದ್ದ: “ನೋಡ್ರಪ್ಪಾ, ಕೋತಿ ತಿನ್ನೋ ಬೆಂಬಾ ಬಂದ! ಇವನಿಗೆ ದುಡ್ಡ್ಯಾಕೆ? ಮರ ತೋರಿಸಿ, ಹತ್ತಲಿ!” ಪೇಟೆಯೆಲ್ಲ ಬಿದ್ದು ಬಿದ್ದು ನಗುತ್ತಿತ್ತು. ಕಸೊಂಡೆಯೂ “ಹೋಗೋ ಇಲಿ ತಿನ್ನೋನೇ” ಎಂದು ನಗಬೇಕಾಗುತ್ತಿತ್ತು. ನಕ್ಕ ಮೇಲೆ ವಸೂಲಿ ಎಲ್ಲಿಯದು?

ಆದ್ದರಿಂದ ಈ ಶನಿವಾರ ಹೊಸ ಯುದ್ಧತಂತ್ರ. ಮಾತಿಲ್ಲ, ನಗುವಿಲ್ಲ. ಜೆರೆಯ ಮನೆ ಮುಂದೆ ಕಲ್ಲಿನಂತೆ ಕೂರುವುದು. ದುಡ್ಡು ಕೈಗೆ ಬಂದ ಮೇಲೆಯೇ ಏಳುವುದು!

ಹೋಗಿ ನೋಡಿದರೆ ಜೆರೆಯ ಹೆಂಡತಿ ಎಲಿನಾ ಮನೆಯ ನೆಲಕ್ಕೆ ಕೆಂಪು ಮೇಣ ತಿಕ್ಕಲು ಹೊರಟಿದ್ದಳು. ಸೋಫಾ, ಮೇಜು, ಕುರ್ಚಿ ಎಲ್ಲ ಅಂಗಳಕ್ಕೆ ಬಂದಿದ್ದವು. ಪಕ್ಕದಲ್ಲಿ ಕಸದ ರಾಶಿಗೆ ಬೆಂಕಿ ಹಾಕಿದ್ದಳು.

“ಅವರಿಲ್ಲಣ್ಣಾ. ಬೆಳಿಗ್ಗೇನೇ ಹೋದ್ರು.”

“ಪರವಾಗಿಲ್ಲಮ್ಮ. ಬರೋವರೆಗೂ ಕೂತಿರ್ತೀನಿ.”

“ಕೂತ್ಕೊಳ್ಳಿ. ಮೇಣ ಸಾಲಲಿಲ್ಲ, ತಂದುಬಿಡ್ತೀನಿ” ಎಂದು ಎಲಿನಾ ಹಿಂಬಾಗಿಲಿನಿಂದ ಮಾರ್ಕೆಟ್ಟಿಗೆ ಹೋದಳು.

ಕಸೊಂಡೆ ಸೋಫಾದ ಮೇಲೆ ಪ್ರತಿಷ್ಠಾಪನೆಗೊಂಡ. ಮುಖ ಗಂಟು ಹಾಕಿಕೊಂಡ. ಗಾಳಿ ತಿರುಗಿ ಹೊಗೆಯೆಲ್ಲ ಅವನ ಕಡೆಗೇ ಬಂತು. ಎದ್ದರೆ ಪ್ರತಿಜ್ಞಾಭಂಗ! ಕೂತೇ ಇದ್ದ. ಕಣ್ಣಿನಿಂದ ನೀರು ಧಾರಾಕಾರವಾಗಿ ಇಳಿಯಿತು.

ಅಷ್ಟರಲ್ಲಿ ಪಕ್ಕದ ಮನೆಯ ಮ್ವಾಪೆ ಅಜ್ಜಿ ಬೇಲಿಯಾಚೆಯಿಂದ ಇಣುಕಿದಳು. ಮನೆಯ ಸಾಮಾನೆಲ್ಲ ಹೊರಗೆ. ಅಂಗಳದಲ್ಲಿ ಬೆಂಕಿ. ಅದರ ಮುಂದೆ ಗಂಡಸೊಬ್ಬ ಮಾತಿಲ್ಲದೆ ಕಣ್ಣೀರಿಡುತ್ತಿದ್ದಾನೆ. ಆ ಊರಿನಲ್ಲಿ ಇದಕ್ಕೆ ಇರುವುದು ಒಂದೇ ಅರ್ಥ: ಮನೆಯಲ್ಲಿ ಸಾವಾಗಿದೆ. ಅಜ್ಜಿ ಎದೆ ಹಿಡಿದುಕೊಂಡಳು.

“ಕಸೊಂಡೆ, ಎಲಿನಾ ಎಲ್ಲಪ್ಪಾ?”

“ಹೋದ್ಳು” ಎಂದ ಕಸೊಂಡೆ, ಕಣ್ಣೊರೆಸುತ್ತ.

“ಅಯ್ಯೋ! ಯಾವಾಗ?”

“ಈಗಷ್ಟೇ ಅಜ್ಜಿ. ನನ್ನ ಕಣ್ಣೆದುರಿಗೇ.”

“ಜೆರೆಗೆ ಗೊತ್ತಾ?”

“ಅವನು ಬರ್ಲಿ ಅಂತಾನೇ ಕಾಯ್ತಿದೀನಿ. ಬರೋವರೆಗೂ ಇಲ್ಲಿಂದ ಏಳಲ್ಲ!”

“ಎಂಥಾ ಸ್ನೇಹಾನಪ್ಪಾ ನಿಂದು!” ಎಂದವಳೇ ಅಜ್ಜಿ ತಲೆಯ ಮೇಲೆ ಕೈ ಹೊತ್ತು ಗೋಳೋ ಎಂದು ರಾಗ ತೆಗೆದಳು. ಬೀದಿಯ ನಾಯಿಗಳೂ ದನಿಗೂಡಿಸಿದವು.

ಕಸೊಂಡೆಗೆ ವಿಷಯ ಹೊಳೆಯಿತು, ಎದ್ದು ನಿಂತ. “ಅಜ್ಜೀ, ಅವಳು ಮಾರ್ಕೆಟ್ಟಿಗೆ...” ಎಂದು ಬಾಯಿ ತೆರೆದ. ಸರಿಯಾಗಿ ಅದೇ ಕ್ಷಣದಲ್ಲಿ ತಲೆಯೊಳಗೊಂದು ಸೈತಾನ ಪಿಸುಗುಟ್ಟಿತು: ಸಾಲ ಕೊಟ್ಟವನು ಬಂದಿದ್ದಾನೆಂದರೆ ಜೆರೆ ಬರುವುದಿಲ್ಲ. ಹೆಂಡತಿ ಹೋದಳೆಂದರೆ ಓಡಿ ಬರುತ್ತಾನಲ್ಲವೆ? ಅವನು ಬರಲಿ, ಆಮೇಲೆ ಎಲ್ಲವನ್ನೂ ಬಿಡಿಸಿ ಹೇಳಿದರಾಯಿತು. ಕಸೊಂಡೆ ಬಾಯಿ ಮುಚ್ಚಿ ಮತ್ತೆ ಕೂತ.

ಕೂರಲು ಬಿಟ್ಟರೆ ತಾನೆ? ಬೀದಿಯೆಲ್ಲ ನೆರೆಯಿತು. ಹೆಂಗಸರು ಸೊಂಟಕ್ಕೆ ಬಟ್ಟೆ ಬಿಗಿದು ಬಂದರು, ಗಂಡಸರು ಕುರ್ಚಿ ಹೊತ್ತು ತಂದರು. ಅಂಗೋನಿ ಮನೆಯಲ್ಲಿ ಸಾವಾದರೆ ಚಾಕರಿ ಮಾಡಬೇಕಾದವನು ಬೆಂಬಾ ನೆಂಟನೇ ಅಲ್ಲವೆ!

“ಏಯ್ ಭಾವಾ, ಮಹಾರಾಜನ ಥರ ಕೂತಿದೀಯಲ್ಲ, ಸೌದೆ ಒಡಿ!”

“ನೀರು ತಂದ್ಯಾ? ಡ್ರಮ್ಮು ತುಂಬಿಸು!”

ದುಡ್ಡು ಸಿಗುವವರೆಗೂ ಏಳಲಾರೆನೆಂದವನು ಸೌದೆ ಒಡೆದ, ನೀರು ಹೊತ್ತ, ಯಾರದೋ ಮನೆಯಿಂದ ಹಂಡೆ ಎಳೆದು ತಂದ. ನಡುವೆ ಎರಡು ಸಲ “ಅವಳು ಸತ್ತಿಲ್ಲ ಕಣ್ರೋ” ಎಂದೂ ನೋಡಿದ. “ಹೌದಪ್ಪಾ, ಒಳ್ಳೆಯವರು ಸಾಯಲ್ಲ” ಎಂದು ಹಿರಿಯರು ಬೆನ್ನು ಸವರಿದರು.

ಅಷ್ಟರಲ್ಲಿ ಬೀದಿಯ ತುದಿಯಲ್ಲಿ ಧೂಳೆದ್ದಿತು. ಜೆರೆ! ಒಂದು ಕಾಲಿನಲ್ಲಿ ಚಪ್ಪಲಿ ಇಲ್ಲ, ಹೆಗಲ ಮೇಲೆ ಯಾವನೋ ಗಿರಾಕಿಯ ಪ್ಯಾಂಟು. ನೇರ ಬಂದು ಕಸೊಂಡೆಯ ಕೊರಳಿಗೆ ಜೋತುಬಿದ್ದ.

“ಭಾವಾ! ದಿನಾ ಹೇಳ್ತಿದ್ಳು ಭಾವಾ, ಕಸೊಂಡೆ ದುಡ್ಡು ಕೊಟ್ಬಿಡಿ, ಶಾಪ ತಟ್ಟುತ್ತೆ ಅಂತ. ನಾನು ಪಾಪಿ ನಗ್ತಿದ್ದೆ. ತಗೋ, ಇವತ್ತಿನ ವ್ಯಾಪಾರದ್ದು, ಎಲ್ಲಾ ತಗೋ!” ಒಳಜೇಬಿನಿಂದ ನೋಟಿನ ಕಂತೆ ತೆಗೆದು ಅವನ ಅಂಗಿಯೊಳಕ್ಕೇ ತುರುಕಿದ. ಆಮೇಲೆ ನೆಲದ ಮೇಲೆ ಕುಸಿದು ಮಗುವಿನ ಹಾಗೆ ಅತ್ತ.

ಕಸೊಂಡೆಯ ಎದೆಗೆ ದುಡ್ಡು ತಾಗಿತು. ಗೆದ್ದೆ ಎನ್ನಿಸಬೇಕಿತ್ತು. ಆದರೆ ಇಷ್ಟು ವರ್ಷ ನಗಿಸಿದ ಆ ಮುಖ ಹಾಗೆ ಕಿವುಚಿಕೊಂಡದ್ದನ್ನು ಅವನು ನೋಡಲಾರದೆ ಹೋದ. “ಏಳೋ ಮಾರಾಯ, ಅಳಬೇಡ್ವೋ, ಅವಳು ಬದುಕಿದಾಳೆ!” ಎಂದು ಕೂಗಿಯೇಬಿಟ್ಟ.

“ಯಾರು ಬದುಕಿರೋದು?” ಎಂದು ಹಿಂದಿನಿಂದ ಒಂದು ದನಿ ಬಂತು. ಮೇಣದ ಡಬ್ಬಿ ಹಿಡಿದು ಎಲಿನಾ ನಿಂತಿದ್ದಳು. “ಇಷ್ಟೊಂದು ಜನ! ನಮ್ಮನೇಲಿ ಯಾರು ಹೋಗಿದ್ದು?”

“ನೀನೇ!” ಎಂದಿತು ಬೀದಿ.

ಜೆರೆ ಎದ್ದವನೇ ಹೆಂಡತಿಯನ್ನು ಡಬ್ಬಿಸಮೇತ ಎತ್ತಿಕೊಂಡ. ಹತ್ತು ಬಾರಿ ಮುಟ್ಟಿ ನೋಡಿದ ಮೇಲೆ ಕೇಳಿದ: “ಹೋದ್ಳು ಅಂದಿದ್ದು ಯಾರು?” ಇಡೀ ಬೀದಿಯ ಬೆರಳುಗಳು ಒಂದೇ ದಿಕ್ಕಿಗೆ ತಿರುಗಿದವು.

ಮ್ವಾಪೆ ಅಜ್ಜಿಯ ತೀರ್ಪು ಸ್ಥಳದಲ್ಲೇ ಹೊರಬಿತ್ತು. “ಬದುಕಿರೋಳಿಗೆ ಅತ್ತಿದೀವಿ, ಅಪಶಕುನ. ಅತ್ತೋರೆಲ್ಲ ಹೊಟ್ಟೆ ತುಂಬ ಉಂಡು ನಗಬೇಕು. ಅಳಿಸಿದೋನೇ ಉಣ್ಣಿಸ್ಬೇಕು!”

“ಅಜ್ಜೀ, ನನ್ನ ಹತ್ರ ದುಡ್ಡೆಲ್ಲಿದೆ?”

“ಅಂಗಿ ಒಳಗಿದೆ!” ಎಂದ ಜೆರೆ, ಕಣ್ಣೊರೆಸಿಕೊಂಡು ಹಲ್ಲು ಕಿರಿಯುತ್ತ. ಕೋಳಿಗಳು ಬಂದವು. ಮೆಕ್ಕೆಜೋಳದ ಹಿಟ್ಟು, ಒಣಮೀನು, ಎಣ್ಣೆ, ಬಿಯರಿನ ಪೆಟ್ಟಿಗೆ ಬಂದವು. ಅತ್ತವರಿಗಿಂತ ಉಂಡವರೇ ಹೆಚ್ಚು! ಕಂತೆ ಕರಗಿ, ಕಸೊಂಡೆಯ ಅಂಗಿಯೊಳಗೆ ಕಸೊಂಡೆ ಮಾತ್ರ ಉಳಿದ.

ಆಗ ಕೇಳಿಸಿತು ಇನ್ನೊಂದು ಗೋಳು. ಸುದ್ದಿ ಊರು ಸುತ್ತಿ, ಕಸೊಂಡೆಯ ಮನೆ ಮುಟ್ಟುವಷ್ಟರಲ್ಲಿ ಸತ್ತವನು ಕಸೊಂಡೆಯೇ ಆಗಿಬಿಟ್ಟಿದ್ದ!

“ಅಯ್ಯೋ ನನ್ನ ರಾಜಾ! ವಸೂಲಿ ಮಾಡದೇ ಹೋದ್ಯಲ್ಲೋ! ಇನ್ನು ನನ್ನ ದುಡ್ಡು ಯಾರು ಕೇಳ್ತಾರೋ!” ಎಂದು ಚಿಲೆಶೆ ಒಳನುಗ್ಗಿದಳು. ನೋಡಿದರೆ ಗಂಡ ಕೋಳಿಕಾಲು ಹಿಡಿದು ನಿಂತಿದ್ದಾನೆ. ಮೊದಲು ತಬ್ಬಿಕೊಂಡಳು, ಆಮೇಲೆ ಬೆನ್ನಿಗೆರಡು ಗುದ್ದಿದಳು. “ಒಲೆ ಹಾಳಾಗ್ಲಿ, ನೀವಿದ್ರೆ ಸಾಕು ರೀ!”

ಎಲಿನಾ ಅವಳನ್ನು ಕೂರಿಸಿ ಬಡಿಸಿದಳು. ಮುದ್ದೆ, ಕೋಳಿಸಾರು. ಚಿಲೆಶೆ ಎರಡನೇ ಸಲ ಬಡಿಸಿಕೊಂಡು ಉಂಡು, ಬೆರಳು ನೆಕ್ಕುತ್ತ ಸುತ್ತಲೂ ನೋಡಿದಳು. ಹುಬ್ಬು ಗಂಟಿಕ್ಕಿತು.

“ಏನ್ರೀ, ಊರಿಗೆಲ್ಲ ಕೋಳಿ ಊಟ ಹಾಕ್ಸೋವಷ್ಟು ದುಡ್ಡಿದೆ ಈ ಜೆರೆ ಹತ್ರ! ನಮ್ಮದು ಕೊಡೋಕೆ ಮಾತ್ರ ಇಲ್ವಾ? ಈಗ್ಲೇ ಕೇಳಿ!”

ಜೆರೆ ಮೆಲ್ಲಗೆ ಕಸೊಂಡೆಯ ಕಿವಿಗೆ ಬಾಗಿದ. “ಭಾವಾ, ನಿಜ ಹೇಳ್ಲಾ, ಸುಳ್ಳು ಹೇಳ್ಲಾ?”

“ಸುಳ್ಳೇ ಹೇಳಪ್ಪಾ, ನಿನ್ನ ಕಾಲಿಗೆ ಬೀಳ್ತೀನಿ.”

ಜೆರೆ ಎದೆಯ ಮೇಲೆ ಕೈಯಿಟ್ಟು ಗಂಭೀರವಾಗಿ ಎದ್ದು ನಿಂತ. “ಅಕ್ಕಾ, ಮುಂದಿನ ತಿಂಗಳು ಖಂಡಿತ ಕೊಡ್ತೀನಿ.”

“ಮುಂದಿನ ತಿಂಗಳಾ!” ಎಂದು ಚಿಲೆಶೆ ತಟ್ಟೆ ಕುಕ್ಕಿ ಎದ್ದಳು.

“ಇರಲಿ ಕಣೇ” ಎಂದ ಕಸೊಂಡೆ, ಅವಳ ತೋಳು ಹಿಡಿದು. “ಪಾಪ, ಅವನಿಗೂ ಏನೇನು ತಾಪತ್ರಯ ಇದೆಯೋ! ಸ್ನೇಹಿತರು ಅಂದ್ಮೇಲೆ ಹೀಗೆಲ್ಲ ಪೀಡಿಸಬಾರದು.”