ತಾಯಿ ನೋಡ್ಕೋತಾರೆ

ಕೆಲಸ ಹಂಚುವುದು ನನಗೆ ಬರುವುದಿಲ್ಲ. ಅದಕ್ಕೇ ಇಂಥ ಪ್ರಸಂಗಗಳು ವಿಳಾಸ ಹುಡುಕಿಕೊಂಡು ನನ್ನ ಹತ್ತಿರವೇ ಬರುತ್ತವೆ. ನವಿಮುಂಬಯಿಯ ಒಂದು ಪಂಪಿನ ಕಂಪನಿಯಲ್ಲಿ ವರ್ಷಗಟ್ಟಲೆ ಗುಮಾಸ್ತನಾಗಿದ್ದು ಮ್ಯಾನೇಜರ್ ಆದವನು ನಾನು. ಕುರ್ಚಿ ಬದಲಾಯಿತು, ಕೈ ಬದಲಾಗಲಿಲ್ಲ. ಕವರಿಗೆ ಗೋಂದು ಹಚ್ಚುವುದೂ ನಾನೇ.

ಮಾವನವರ ಷಷ್ಟ್ಯಬ್ದಿಗೆ ಊಟದ ಎಲೆ ಎತ್ತಿದ ಮೇಲೆ ತಲುಪಿದ್ದೆ. ಉಡುಪಿ ಕಡೆಯವಳಾದ ನನ್ನ ಹೆಂಡತಿ ಆವತ್ತು ಹೇಳಿದಳು, "ಡಿಸೆಂಬರಿನಲ್ಲಿ ನನ್ನ ತಮ್ಮನ ಮದುವೆ ಉಂಟು. ಅದಕ್ಕೂ ಹೀಗೇ ಮಾಡಿದ್ರೆ ನೀವು ಆಫೀಸಿನಲ್ಲೇ ಹಾಸಿಗೆ ಹಾಕಿಕೊಳ್ಳಿ." ಹೇಳಿದ್ದನ್ನು ಮಾಡಿಯೇ ತೀರುವವಳು ಅವಳು. ನನಗೆ ನಿಜಕ್ಕೂ ಹೆದರಿಕೆಯಾಯಿತು.

ಇಡ್ಲಿ

ಕಲಿಯೋಣವೆಂದು ಚಿಕ್ಕ ಕೆಲಸದಿಂದ ಶುರು ಮಾಡಿದೆ. ಪುಣೆಯಿಂದ ಬರುವ ಇಪ್ಪತ್ತು ಡೀಲರುಗಳಿಗೆ ತಿಂಡಿ ತರಿಸುವುದನ್ನು ನಮ್ಮ ಹಿರಿಯ ಗುಮಾಸ್ತೆಗೆ ಒಪ್ಪಿಸಿದೆ. ಕಲ್ಯಾಣದಿಂದ ಬರುವ ಮರಾಠಿ ಹೆಂಗಸು. ಮರಾಠಿಯಲ್ಲಿ ಅಕ್ಕನಿಗೆ 'ತಾಯಿ' ಅನ್ನುತ್ತಾರೆ, ಹಾಗಾಗಿ ಇಡೀ ಆಫೀಸಿಗೆ ಆಕೆ ತಾಯಿ. ಒಪ್ಪಿಸಿ ಬಂದು ಕೂತೆ. ಕೂರಲಾಗಲಿಲ್ಲ. ಮರೆತುಬಿಟ್ಟರೆ? ಆಫೀಸಿಗೆ ಯಾವಾಗಲೂ ತಿಂಡಿ ಕಳಿಸುವ ಕೋಪರಖೈರಣೆಯ ಉಡುಪಿ ಹೋಟೆಲಿಗೆ ನಾನೂ ಒಂದು ಫೋನ್ ಹಾಕಿದೆ.

ಹತ್ತು ಗಂಟೆಗೆ ಅರವತ್ತು ಪ್ಲೇಟ್ ಇಡ್ಲಿ ಬಂತು. ಜೊತೆಗೆ ಬಂದ ಹೋಟೆಲಿನ ಭಟ್ಟರು, "ಎಂತ ಸ್ವಾಮಿ, ಆಫೀಸಿನಲ್ಲಿ ಮುಂಜಿಯಾ?" ಅಂದರು. ಇಪ್ಪತ್ತು ತಾಯಿ ಹೇಳಿದ್ದು, ಇಪ್ಪತ್ತು ನಾನು ಹೇಳಿದ್ದು. ಇನ್ನಿಪ್ಪತ್ತು?

ವಿಚಾರಿಸಿದರೆ, ಅದು ನನ್ನ ಮೇಲೆ ನಂಬಿಕೆಯಿಲ್ಲದ ನಮ್ಮ ಬಾಸ್ ಹೇಳಿದ್ದು.

ದೇಖ್ ಲೋ

ಬಾಸ್ ಒಳಗೆ ಕರೆದು ಪಾಠ ಮಾಡಿದರು. "ಕೆಲಸ ಒಪ್ಪಿಸಿ, ಆಮೇಲೆ ಬಾಯಿ ಮುಚ್ಚಿಕೊಂಡಿರಿ." ಸರಿ. ಆಫೀಸಿನ ಪ್ರಿಂಟರ್ ಕೆಟ್ಟಿತ್ತು. ನಮ್ಮ ಮೈಸೂರಿನಲ್ಲಿ 'ಸ್ವಲ್ಪ ನೋಡಿಪ್ಪಾ' ಅಂದರೆ ರಿಪೇರಿ ಮಾಡಿಸಿ ಅಂತಲೇ ಲೆಕ್ಕ. ಅದನ್ನೇ ಸ್ಟೋರ್‌ಕೀಪರಿಗೆ ನನ್ನ ಹಿಂದಿಯಲ್ಲಿ ಹೇಳಿದೆ: "ಪ್ರಿಂಟರ್ ಜರಾ ದೇಖ್ ಲೋ." ಸಂಜೆಯವರೆಗೆ ಹಲ್ಲು ಕಚ್ಚಿಕೊಂಡು ಏನೂ ಕೇಳಲಿಲ್ಲ.

ಐದೂವರೆಗೆ ಅವರೇ ಬಂದರು. "ದೇಖ್ ಲಿಯಾ ಸಾಬ್. ಆಪ್ ಬರೋಬರ್ ಬೋಲೇ, ಖರಾಬ್ ಹೀ ಹೈ." ನೋಡಿದರಂತೆ, ನಾನು ಹೇಳಿದ್ದು ಸರಿಯಂತೆ, ಕೆಟ್ಟೇ ಇದೆಯಂತೆ.

ಕೊತ್ತಂಬರಿ

ಡೊಂಬಿವಲಿಯ ಮನೆಯಲ್ಲೂ ಅಭ್ಯಾಸ ಇರಲಿ ಅಂತ ಒಂದು ಭಾನುವಾರ ಮಗಳ ಕೈಗೆ ಚೀಲ ಕೊಟ್ಟು ಕೊತ್ತಂಬರಿ ಸೊಪ್ಪು ತರಲು ಹೇಳಿದೆ. ಅವಳು ಅಣ್ಣನಿಗೆ ಕೊಟ್ಟಳು. ಅಣ್ಣ ಅಮ್ಮನಿಗೆ ಕೊಟ್ಟ. ಐದು ನಿಮಿಷದಲ್ಲಿ ಚೀಲ ಪೇಪರ್ ಓದುತ್ತಿದ್ದ ನನ್ನ ತೊಡೆಯ ಮೇಲೆ ಬಂದು ಬಿತ್ತು. "ಇದೇನೇ ಇದು?" ಎಂದು ಕೂಗಿದೆ.

ಇಲ್ಲೇ ಹುಟ್ಟಿ ಬೆಳೆದ ಮಗಳು ಹಿಂದಿಯಲ್ಲೇ ಉತ್ತರಿಸಿದಳು. "ಅಪ್ಪಾ, ಘರ್ ಮೇ ಸಬ್ಸೇ ಜೂನಿಯರ್ ತೋ ಆಪ್ ಹೀ ಹೋ!" ಮನೆಯಲ್ಲಿ ಎಲ್ಲರಿಗಿಂತ ಜೂನಿಯರ್ ನಾನೇ ಅಂತೆ.

ತಾಯಿಯ ಫೋನು

ಡಿಸೆಂಬರ್ ಬಂತು. ಘೋಡಬಂದರ್ ರಸ್ತೆಯ ಕಲ್ಯಾಣಮಂಟಪದಲ್ಲಿ ಮದುವೆ. ಗ್ರಹಚಾರಕ್ಕೆ ಅದೇ ಬೆಳಿಗ್ಗೆ ನಾಶಿಕಕ್ಕೆ ಎರಡು ಲಾರಿ ಪಂಪು ಹೊರಡಬೇಕಿತ್ತು. ತಾಯಿಗೆ ಎಲ್ಲ ಒಪ್ಪಿಸಿ, ಎದೆಯ ಮೇಲೆ ಕಲ್ಲಿಟ್ಟುಕೊಂಡು ರಜೆ ಹಾಕಿದ್ದೆ. "ಒಂದೇ ಒಂದು ಫೋನ್ ಮಾಡ್ಲಾ?" ಎಂದು ಹೆಂಡತಿಯನ್ನು ಕೇಳಿದೆ. "ಮಾಡಿ ನೋಡಿ," ಅಂದಳು. ನಾನು ಮಾಡಲಿಲ್ಲ.

ಉಡುಪಿಯಿಂದ ಬಂದಿದ್ದ ಹೆಂಡತಿಯ ಅಜ್ಜ ಪಕ್ಕದಲ್ಲಿ ಕೂತರು. ಅವರಿಗೆ ಮರಾಠಿ, ಹಿಂದಿ ಎರಡೂ ಬಾರದು. "ಎಂತ ಮಾರಾಯ, ಇಷ್ಟು ಬೆವರುದು? ಆಫೀಸು ಯಾರು ನೋಡಿಕೊಳ್ಳುದು ಈಗ?"

"ತಾಯಿ ನೋಡ್ಕೋತಾರೆ ಅಜ್ಜ," ಅಂದೆ.

ಅಜ್ಜ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ ಕೈ ಮುಗಿದರು. ಊಟದ ಹೊತ್ತಿಗೆ ಇಡೀ ಮಂಟಪಕ್ಕೆ ಸುದ್ದಿ ಹಬ್ಬಿತ್ತು: ಮೈಸೂರಿನ ಅಳಿಯ ಸಾಧಾರಣ ಭಕ್ತನಲ್ಲ, ಆಫೀಸಿನ ಭಾರವನ್ನೆಲ್ಲ ದೇವಿಯ ಮೇಲೆ ಹಾಕಿ ಬಂದಿದ್ದಾನೆ! ಇಬ್ಬರು ಚಿಕ್ಕಮ್ಮಂದಿರು ನನಗೆ ಹೆಚ್ಚುವರಿ ಹೋಳಿಗೆ ಬಡಿಸಿದರು. ನಿಜ ಹೇಳುವ ಧೈರ್ಯ ಹೋಳಿಗೆಯ ಜೊತೆ ಒಳಗೆ ಇಳಿಯಿತು.

ಆಗ ಫೋನು ಬಡಿದುಕೊಂಡಿತು. ಹೆಂಡತಿ ಅದನ್ನು ನೋಡಿ, "ರೀ, ತಾಯಿದು," ಅಂದಳು. ಪಂಕ್ತಿಯವರೆಲ್ಲ ಊಟ ಬಿಟ್ಟು ನನ್ನ ಕಡೆ ತಿರುಗಿದರು. ಗಾಬರಿಯಲ್ಲಿ ನಾನು ಒತ್ತಿದ್ದು ಸ್ಪೀಕರ್. "ಸಾಹೇಬ್, ದೋನೋ ಗಾಡಿ ಸುಬಹ್ ಹೀ ನಿಕಲ್ ಗಯೀ. ಆಪ್ ನಹೀ ಥೇ ನಾ, ಫಟಾಫಟ್ ಹೋ ಗಯಾ! ಔರ್ ಚಾರ್ ದಿನ್ ಆರಾಮ್ ಕರೋ."

ಎದೆಯ ಮೇಲಿನ ಕಲ್ಲು ಇಳಿಯಿತು. ಹೆಂಡತಿ ಎಷ್ಟೋ ದಿನದ ಮೇಲೆ ಮನಸಾರೆ ನಕ್ಕಳು, ಆ ನಗು ನೋಡಿ ನನಗೂ ಹಾಯೆನಿಸಿತು. ನಗುತ್ತಲೇ ಅಜ್ಜನಿಗೆ ಕನ್ನಡದಲ್ಲಿ ಎಲ್ಲ ಬಿಡಿಸಿ ಹೇಳಿದಳು. ತಾಯಿ ಅಂದರೆ ಅಕ್ಕ ಅಂತ, ಆಫೀಸಿನ ಗುಮಾಸ್ತೆ ಅಂತ, ಎರಡೂ ಲಾರಿ ಬೆಳಿಗ್ಗೆಯೇ ಹೊರಟವಂತೆ, ಇವರಿಲ್ಲದ್ದಕ್ಕೆ ಕೆಲಸ ಬೇಗ ಮುಗಿಯಿತಂತೆ, ಇನ್ನೂ ನಾಲ್ಕು ದಿನ ಆರಾಮ ಮಾಡಬೇಕಂತೆ ಅಂತ.

ಅಜ್ಜ ನನ್ನ ಕಡೆ ವಾಲಿದರು.

"ನನಗೂ ಅನುಮಾನ ಇತ್ತು ಮಾರಾಯ. ದೇವಿ ಆದರೆ ಇಷ್ಟು ಬೇಗ ಕೆಲಸ ಮಾಡಿಕೊಡುದಿಲ್ಲ. ಆ ತಾಯಿಯ ನಂಬರು ನನಗೂ ಬರೆದು ಕೊಡು."