ನಿಂತ ಕಾರಿಗೆ ಮೂವತ್ನಾಲ್ಕರ ಸ್ಪೀಡು

ರೇಡಿಯೋ ರಿಪೇರಿಯವನ ಹತ್ತಿರ ಜನ ರೇಡಿಯೋ ಮಾತ್ರ ತರುತ್ತಾರೆ ಎಂದುಕೊಂಡವರು ಕುಂದಗೋಳದಲ್ಲಿ ನಾಲ್ಕು ದಿನ ಅಂಗಡಿ ಇಟ್ಟು ನೋಡಬೇಕು. ಎಂಬತ್ತರ ದಶಕದಲ್ಲಿ ನನ್ನ ಹತ್ತಡಿ ಅಂಗಡಿಗೆ ಕೂಗದ ಅಲಾರಾಂ ಬಂದಿದೆ, ಅಜ್ಜನ ಕಿವಿ ಮಷಿನ್ ಬಂದಿದೆ, ಒಮ್ಮೆ ಹಾಲು ಕೊಡದ ಎಮ್ಮೆಯೂ ಬಾಗಿಲ ತನಕ ಬಂದಿತ್ತು. ‘ಸ್ವಲ್ಪ ಕರೆಂಟ್ ಹಚ್ಚಿ ನೋಡ್ರಿ’ ಎಂದು ಅದರ ಮಾಲೀಕ ಕೈ ಮುಗಿದಿದ್ದ. ಬಂದದ್ದಕ್ಕೆಲ್ಲ ‘ಆಗೂದಿಲ್ರಿ’ ಎನ್ನುವ ಬುದ್ಧಿಯನ್ನು ದೇವರು ನನಗೆ ಕೊಡಲಿಲ್ಲ. ಕೊಟ್ಟಿದ್ದರೆ ನಾನು ಕುಬಿಹಾಳದ ಕಾಕಾರ ಕಾರಿನ ತಂಟೆಗೇ ಹೋಗುತ್ತಿರಲಿಲ್ಲ.

೧. ಇಪ್ಪತ್ತರ ಮುಳ್ಳು

ಕಾಕಾ ನನಗೆ ಸಂಬಂಧಿಕರೇನಲ್ಲ. ಅವರು ಊರಿಗೆಲ್ಲ ಕಾಕಾ, ಅವರ ಹೆಂಡತಿ ಊರಿಗೆಲ್ಲ ಕಾಕು. ಹೊಲ ಮನಿ ಗಟ್ಟಿಯಾಗಿದ್ದ ಕುಳ. ಹುಬ್ಬಳ್ಳಿಯ ಅರಳೆ ವ್ಯಾಪಾರಿಯೊಬ್ಬರಿಂದ ಅವರು ಕೊಂಡಿದ್ದ ವಿಲಾಯತಿ ಕಾರು ವಯಸ್ಸಿನಲ್ಲಿ ನನಗಿಂತ ಹಿರಿಯದು. ಅದಕ್ಕೆ ನಾನೂ ‘ರೀ’ ಹಚ್ಚಿ ಮಾತಾಡಿಸಬೇಕು, ಅಷ್ಟು ಹಳೆಯದು.

ಅದರ ಸ್ಪೀಡ್ ಮೀಟರಿನ ಮುಳ್ಳು ಯಾವ ಕಾಲದಲ್ಲೋ ಇಪ್ಪತ್ತರ ಮೇಲೆ ನಿಂತು ಪ್ರಾಣ ಬಿಟ್ಟಿತ್ತು. ಕಾಕಾ ಅದನ್ನು ಯಾರಿಗೂ ಹೇಳಿರಲಿಲ್ಲ. ಪಕ್ಕದಲ್ಲಿ ಕೂತ ಕಾಕು ‘ಸ್ವಲ್ಪ ಸಾವಕಾಶ’ ಎಂದರೆ ಸಾಕು, ಮುಳ್ಳಿಗೆ ಬೆರಳು ತೋರಿಸಿ, “ನೋಡಿಲ್ಲೆ, ಇಪ್ಪತ್ತು. ಇದಕ್ಕಿಂತ ಸಾವಕಾಶ ಅಂದ್ರ ಚಕ್ಕಡಿ ಹೂಡಬೇಕು” ಎನ್ನುತ್ತಿದ್ದರು. ಕಾಕು ನಂಬಿದ್ದರು.

ಒಂದು ಮುಂಜಾನೆ ಕೋಳಿಯೊಂದು ಶೆಡ್ಡಿನಲ್ಲಿದ್ದ ಕಾರಿನೊಳಗೆ ತತ್ತಿ ಇಟ್ಟಿತು. ತತ್ತಿ ತೆಗೆಯಲು ಬಗ್ಗಿದ ಕಾಕು ಮೀಟರ್ ನೋಡಿದರು. ಎಂಜಿನ್ ಬಂದ್, ಕಾಕಾ ಇನ್ನೂ ಹಾಸಿಗೆಯಲ್ಲಿ, ಮುಳ್ಳು ಮಾತ್ರ ಅದೇ ಜಾಗದಲ್ಲಿ.

“ನಿಂತಾಗೂ ಇಪ್ಪತ್ತು, ಓಡಿದಾಗೂ ಇಪ್ಪತ್ತು! ಸುಳ್ಳ ಹೇಳೂ ಗಾಡ್ಯಾಗ ಇನ್ನ ಮ್ಯಾಲ ನಾ ಕುಂದ್ರಂಗಿಲ್ಲ.”

ಅಂದಿನಿಂದ ಕಾಕು ಎಲ್ಲಿಗೆ ಹೋದರೂ ಬಸ್ಸು. ಹೆಂಡತಿಯನ್ನು ಬಿಟ್ಟು ಮುಂದೆ ಹೋಗಲು ಕಾಕಾಗೆ ಮನಸ್ಸು ಬಾರದು. ಹೀಗಾಗಿ ಬಸ್ಸಿನ ಹಿಂದೆ ಅವರ ಟ್ರಂಕು, ರೊಟ್ಟಿ ಗಂಟು ಹೇರಿಕೊಂಡು ಕಾಕಾರ ಕಾರು. ಒಮ್ಮೆ ನಡುದಾರಿಯಲ್ಲಿ ಬಸ್ಸು ಕೆಟ್ಟು ನಿಂತಿತು. ಮಂದಿಯೆಲ್ಲ ಇಳಿದು ಕಾಕಾರ ಕಾರು ಹತ್ತಿದರು, ಕಂಡಕ್ಟರನೂ ಹತ್ತಿದ. ಕಾಕು ಇಳಿಯಲಿಲ್ಲ. ಡ್ರೈವರನ ಬೆನ್ನ ಹಿಂದಿನಿಂದ ಕತ್ತು ಚಾಚಿ ಮೀಟರ್ ನೋಡಿ, “ಸೊನ್ನಿ ಮ್ಯಾಲ ಐತಿ. ಈ ಡ್ರೈವರ್ ಖರೇ ಮನಷ್ಯಾ” ಎಂದು ಕೆಟ್ಟ ಬಸ್ಸಿನಲ್ಲೇ ಆರಾಮಾಗಿ ಕಾಲು ಚಾಚಿದರಂತೆ.

೨. ಹೊಸ ಮೀಟರು

“ಬಮ್ಮಿಗಟ್ಟ್ಯಾಗ ಬಸರಿ ಮಗಳ ಕುಬಸ ಐತಿ, ಇನ್ನ ಹದಿನೈದ ದಿನಕ್ಕ,” ಎಂದು ಕಾಕಾ ನನ್ನ ಸ್ಟೂಲಿನ ಮೇಲೆ ಕುಸಿದರು. “ಹ್ವಾದ ಸಲ ನಾ ಕಾರಿಂದ ಇಳದೆ, ಈಕಿ ಬಸ್ಸಿಂದ ಇಳದ ನಡಕೋಂತ ಬಂದಳು. ಬೀಗರು ನಮ್ಮ ಮಗಳನ್ನ ಒಳಗ ಕರದು, ‘ನಿಮ್ಮ ಅವ್ವ ಅಪ್ಪ ಬ್ಯಾರೆ ಆಗ್ಯಾರೇನವಾ’ ಅಂತ ಕೇಳಿದರಂತ. ಈ ಸಲ ಆಕಿ ನನ್ನ ಬಾಜೂಕ ಕುಂತು ಬೀಗರ ಬಾಗಲದಾಗ ಇಳೀಬೇಕು. ಇಲ್ಲಾಂದ್ರ ನಾ ಆ ಊರಿಗೇ ಹೋಗಂಗಿಲ್ಲ. ಆಕಿಗೆ ಸ್ಪೀಡಿನ ಅಂಜಿಕಿ. ಖರೇ ತೋರಿಸೂವಂಥಾದ್ದು ಒಂದ ಮೀಟರ್ ಹಚ್ಚಿಕೊಡು.”

ಹಳೆಯ ಮೀಟರಿನ ಸಾಮಾನು ಮುಂಬಯಿಯಲ್ಲೂ ಸಿಗುತ್ತಿರಲಿಲ್ಲ. ಆದರೆ ನಾನು ಎಲೆಕ್ಟ್ರಾನಿಕ್ಸ್ ಮಾಸಿಕವೊಂದರಲ್ಲಿ ಒಂದು ನಕ್ಷೆ ನೋಡಿದ್ದೆ. ಚಕ್ರ ತಿರುಗಿಸುವ ದಂಡಕ್ಕೆ ಲೋಹಚುಂಬಕದ ಚೂರುಗಳನ್ನು ಕಟ್ಟಬೇಕು, ಅದು ಎಷ್ಟು ಸಲ ತಿರುಗಿತೆಂದು ಒಂದು ಸರ್ಕೀಟು ಎಣಿಸಬೇಕು, ಮುಂದೆ ಕೆಂಪು ಅಂಕಿ ಉರಿಯಬೇಕು. ಮುಳ್ಳೂ ಇಲ್ಲ, ಸುಳ್ಳೂ ಇಲ್ಲ. ಓದಿದಂದಿನಿಂದ ನನ್ನ ಕೈ ಕಡಿಯುತ್ತಿತ್ತು. ಹುಬ್ಬಳ್ಳಿಯಿಂದ ಸಾಮಾನು ತಂದೆ, ಹರಿದ ಸ್ಪೀಕರ್ ಒಡೆದು ಚುಂಬಕ ತೆಗೆದೆ, ಕಾರಿನ ಕೆಳಗೆ ಎರಡು ದಿನ ಅಂಗಾತ ಮಲಗಿದೆ. ಕಾಕಾರ ಗಾಡಿ ನೋಡುವ ಮಿಸ್ತ್ರಿ ನನ್ನ ಕಾಲುಗಳನ್ನಷ್ಟೇ ನೋಡಿ, “ಹಲ್ಲಿನ ಡಾಕ್ಟರ್ ಹೆರಿಗಿ ಮಾಡ್ಸಾಕ ಬಂದಾನ” ಎಂದು ಹೋದ.

ಕಾಕು ಪರೀಕ್ಷೆಗೆ ಬಂದರು.

“ಇವು ಇಂಗ್ಲಿಷ್ ಅಂಕಿ ಅಲ್ಲೇನ ತಮ್ಮಾ? ನಾ ಕನ್ನಡ ಸಾಲಿ ಎರಡನೇತ್ತೆ ಕಲತಾಕಿ. ಇದರಾಗ ನನಗ ತಿಳಿಯೂದು ಸೊನ್ನಿ ಒಂದ. ಗಾಡಿ ನಿಂತಾಗ ಸೊನ್ನಿ ತೋರಿಸಿದರ ಕುಂದರತೇನಿ. ಇಲ್ಲಾಂದ್ರ ಬಸ್ಸು ಐತಿ.”

ಇಷ್ಟೇನಾ ಎಂದು ನಾನು ಎದೆ ಉಬ್ಬಿಸಿ ಕಾಕಾಗೆ ಸನ್ನೆ ಮಾಡಿದೆ. ಅವರು ಎಂಜಿನ್ ಚಾಲೂ ಮಾಡಿದರು. ಪ್ಲಗ್ಗಿನ ಕಿಡಿಯ ವಿದ್ಯುತ್ ಗದ್ದಲವೆಲ್ಲ ನನ್ನ ತಂತಿಯೊಳಗೆ ನುಗ್ಗಿತ್ತು, ಅದು ಆಮೇಲೆ ತಿಳಿದದ್ದು. ನಿಂತ ಕಾರಿನಲ್ಲಿ ಕೆಂಪಗೆ ಮೂವತ್ನಾಲ್ಕು ಉರಿಯಿತು. ನಾನು ಅದರ ಮೇಲೆ ಕೈ ಮುಚ್ಚುವಷ್ಟರಲ್ಲಿ ಕಾಕಾ ಖುಷಿಯಿಂದ ಕೂಗಿಯೇಬಿಟ್ಟರು.

“ನಿಂತಲ್ಲೇ ಮೂವತ್ನಾಕು! ಹೊಂಟರ ಇನ್ನೆಷ್ಟ ಹೋದೀತು!”

ಕಾಕು ನನ್ನನ್ನು ಮೇಲಿಂದ ಕೆಳಗೆ ನೋಡಿದರು. “ಮೊದಲಿಂದು ಇಪ್ಪತ್ತರ ಸುಳ್ಳ ಹೇಳತಿತ್ತು. ನೀ ಅದಕ್ಕ ಹದಿನಾಕ ಕೂಡಿಸಿದೆಲ್ಲೋ ತಮ್ಮಾ.”

೩. ಎತ್ತುಗಳ ಪರೀಕ್ಷೆ

ತಪ್ಪು ಎಂಜಿನ್ನಿನದೋ ನನ್ನ ಸರ್ಕೀಟಿನದೋ ತಿಳಿಯಬೇಕಾದರೆ ಎಂಜಿನ್ ಬಂದ್ ಮಾಡಿ ಗಾಡಿ ಓಡಿಸಬೇಕು. ಇದನ್ನು ಕೇಳಿ ಕಾಕಾ ತಮ್ಮ ಜೋಡೆತ್ತು ತಂದು ಕಾರಿಗೆ ಹೂಡಿದರು. ಎತ್ತು ನಡೆದವು, ಮೀಟರಿನಲ್ಲಿ ನಾಲ್ಕು ಬಂತು. ಬಾಲ ತಿರುವಿದರೆ ಐದು. ನಿಂತರೆ ಸೊನ್ನೆ. ನನ್ನ ಸರ್ಕೀಟು ನಿರ್ದೋಷಿ!

ಅಷ್ಟರಲ್ಲಿ ಊರು ಸೇರಿತ್ತು. ಕಾರು ಎಷ್ಟು ಓಡುತ್ತದೆ ಎನ್ನುವುದು ಯಾರಿಗೂ ಬೇಕಿರಲಿಲ್ಲ. ಕಾಕಾರ ಎತ್ತು ಐದು ಓಡಿದವು ಎನ್ನುವ ಸುದ್ದಿ ಮಾತ್ರ ಓಣಿ ಓಣಿ ಹಬ್ಬಿತು. “ಅವರ ಎತ್ತ ಐದಾದರ ನಮ್ಮವು ಏಳು” ಎಂದು ಒಬ್ಬ ತನ್ನ ಜೋಡಿ ಹೊಡೆದುಕೊಂಡು ಬಂದ. ಅವನ ಹಿಂದೆ ಮತ್ತೊಬ್ಬ. ಸಂಜೆ ತನಕ ಒಂಬತ್ತು ಜೋಡಿ ಎತ್ತು ಆ ವಿಲಾಯತಿ ಕಾರನ್ನು ಊರ ಉದ್ದಕ್ಕೂ ಎಳೆದಾಡಿದವು. ನಾನು ಒಳಗೆ ಕೂತು ಅಂಕಿ ಕೂಗಬೇಕು, ಹೊರಗೆ ಮಂದಿ ಸಿಳ್ಳೆ ಹೊಡೆಯಬೇಕು. ಮಧ್ಯಾಹ್ನದ ಊಟವನ್ನೂ ನನಗೆ ಕಾರಿನ ಕಿಡಕಿಯಿಂದಲೇ ಕೊಟ್ಟರು.

ಒಬ್ಬರ ಎತ್ತು ಮಾತ್ರ ಏನು ಮಾಡಿದರೂ ಮೂರರ ಮೇಲೆ ಹೋಗಲಿಲ್ಲ. ‘ಬ್ರೇಕ್ ಒತ್ತೀರಿ’ ಎಂದು ನನ್ನ ಮೇಲೇ ಹರಿಹಾಯ್ದು ಅವರು ಎತ್ತು ಬಿಚ್ಚಿಕೊಂಡು ಹೋದರು. ಮರುದಿನ ಅದೇ ಮನುಷ್ಯ ಅಂಗಡಿಗೆ ಬಂದು, ಆಚೀಚೆ ನೋಡಿ, ಮೆಲ್ಲಗೆ ಕೇಳಿದರು:

“ಆ ಮಷಿನ್ ನಮ್ಮ ಎತ್ತಿಗೆ ಒಂದೆರಡ ಅಂಕಿ ಹೆಚ್ಚಿಗಿ ತೋರಿಸೂ ಹಂಗ ಮಾಡಾಕ ಬರತೈತೇನ್ರಿ? ಅವನ್ನ ಮಾರೂದೈತಿ.”

೪. ಬಮ್ಮಿಗಟ್ಟಿಗೆ

ತಂತಿ ಬದಲಿಸಿದೆ, ಸರ್ಕೀಟಿಗೆ ತಗಡು ಸುತ್ತಿದೆ, ಕಿಡಿಯ ಗದ್ದಲ ಹೊರಗೇ ನಿಂತಿತು. ಕುಬಸದ ಮುಂಜಾನೆ ಕಾಕಾ ಎಂಜಿನ್ ಚಾಲೂ ಮಾಡಿದರು. ಎರಡು ಕೆಂಪು ಸೊನ್ನೆ.

ಕಾಕು ಬಗ್ಗಿ ನೋಡಿದರು. ಕಾರನ್ನು ಒಂದು ಸುತ್ತು ಹಾಕಿ ಬಂದು ಮತ್ತೆ ಬಗ್ಗಿ ನೋಡಿದರು. “ಸೊನ್ನಿ ಐತಿ” ಎಂದು ಸೆರಗು ಸರಿಮಾಡಿಕೊಂಡು ಮುಂದಿನ ಸೀಟಿನಲ್ಲಿ ಕೂತರು. ಐದು ವರ್ಷದ ಮೇಲೆ ಹೆಂಡತಿ ಬಾಜೂಕ ಕೂತಿದ್ದಕ್ಕೆ ಕಾಕಾರ ಕಣ್ಣು ಒದ್ದೆಯಾಯಿತು. ಮೀಟರ್ ಕೆಟ್ಟರೆ ಇರಲಿ ಎಂದು ನನ್ನನ್ನು ಹಿಂದಿನ ಸೀಟಿನಲ್ಲಿ ಕುಬಸದ ಬುಟ್ಟಿಗಳ ನಡುವೆ ತುರುಕಿದ್ದರು.

ಹುಬ್ಬಳ್ಳಿಯ ತನಕ ಕಾಕಾ ಇಪ್ಪತ್ತರ ಮೇಲೆ ಬಿಡಲಿಲ್ಲ. ಹುಬ್ಬಳ್ಳಿ ದಾಟಿದ್ದೇ ರಸ್ತೆ ಖಾಲಿಯಾಯಿತು. ಹುಟ್ಟುಗುಣ ಸುಟ್ಟರೂ ಹೋಗದು. ಅಂಕಿ ಮೂವತ್ತೈದಾಯಿತು, ನಲವತ್ತೆಂಟಾಯಿತು.

“ಈಗ ಎಷ್ಟ ಐತ್ರಿ?” ಕಾಕು ಕೇಳಿದರು.

“ಇಪ್ಪತ್ತು,” ಎಂದರು ಕಾಕಾ.

ಐವತ್ತೈದು.

“ಈಗ?”

“ಇಪ್ಪತ್ತ ಐತಿ. ಹಿಂದ ಮುಂದ ಹತ್ತೊಂಬತ್ತು.”

ಇಳಿಜಾರಿನಲ್ಲಿ ಅರವತ್ತೊಂದು ಉರಿಯಿತು. ಕಾಕು ಹಿಂದೆ ತಿರುಗಿ ನೇರವಾಗಿ ನನ್ನನ್ನೇ ಕೇಳಿದರು. “ಖರೇ ಏನ ತಮ್ಮಾ?”

ಕನ್ನಡಿಯಲ್ಲಿ ಕಾಕಾರ ಎರಡು ಕಣ್ಣು ನನ್ನನ್ನು ಬೇಡಿಕೊಳ್ಳುತ್ತಿದ್ದವು. ನಿಜ ಹೇಳಿದರೆ ಕಾಕು ಅಲ್ಲೇ ಇಳಿಯುತ್ತಾರೆ, ಬೀಗರ ಮನೆಯ ಮರ್ಯಾದೆ ರಸ್ತೆಯ ಪಾಲು.

“ಹೂಂ ಕಾಕು. ಇಪ್ಪತ್ತು.”

ಅದೇ ಹೊತ್ತಿಗೆ ನಾವು ಒಂದು ಲಾರಿಯನ್ನು ಭರ್ರನೆ ಹಿಂದೆ ಹಾಕಿದೆವು. ಕಾಕಾ ಗಂಟಲು ಸರಿಮಾಡಿಕೊಂಡು, “ಪಾಪ, ಆ ಲಾರಿ ಕೆಟ್ಟಂಗ ಕಾಣತೈತಿ” ಎಂದರು.

ಬಮ್ಮಿಗಟ್ಟಿಯಲ್ಲಿ ಬೀಗರು ಮನೆ ಮಂದಿಯೊಂದಿಗೆ ಬಾಗಿಲಲ್ಲೇ ನಿಂತಿದ್ದರು. ಕಾಕು ಕಾರಿನಿಂದ ಇಳಿದದ್ದನ್ನು ನೋಡಿ ಅವರ ಮುಖ ಅರಳಿತು. “ಬರ್ರಿ ಬೀಗತಿ, ಕಾರಿನ್ಯಾಗ ಅಂಜಿಕಿ ಆಗಲಿಲ್ಲೇನ್ರಿ?”

“ಯಾತರ ಅಂಜಿಕಿರೀ? ನಮ್ಮವರು ಇಪ್ಪತ್ತರ ಮ್ಯಾಲ ಬಿಡಲೇ ಇಲ್ಲ,” ಎಂದರು ಕಾಕು, ಎಲ್ಲರಿಗೂ ಕೇಳುವಂತೆ. ಕಾಕಾರ ಮೀಸೆ ಎರಡಂಗುಲ ಮೇಲಕ್ಕೇರಿತು. ನಾನೂ ಉಸಿರು ಬಿಟ್ಟೆ.

ಬೀಗರು ಒಳಗೆ ಹೋದರು. ಬುಟ್ಟಿ ಇಳಿಸಿಕೊಳ್ಳುವ ನೆಪದಲ್ಲಿ ಕಾಕು ನಮ್ಮಿಬ್ಬರ ನಡುವೆ ಬಂದು ದನಿ ತಗ್ಗಿಸಿದರು.

“ಹುಬ್ಬಳ್ಳಿ ದಾಟಿದ ಮ್ಯಾಲ ನಲವತ್ತೆಂಟು. ಆಮ್ಯಾಲ ಐವತ್ತೈದು. ಇಳಿಜಾರದಾಗ ಅರವತ್ತೊಂದು.”

ಕಾಕಾರ ಕೈಯಲ್ಲಿದ್ದ ತೆಂಗಿನಕಾಯಿ ಜಾರಿತು. “ನಿನಗ... ಆ ಅಂಕಿ ಓದಾಕ ಬರತೈತಿ?”

“ಐದ ವರ್ಷ ಕಂಡಕ್ಟರನ ಬಾಜೂಕ ಕುಂತು ಏನ್ ಮಾಡೀನಿ ಅಂತ ತಿಳದೀರಿ? ತಿಕೀಟ ಓದಿ ಓದಿ ಕಲತೀನಿ. ಬರೂದಿಲ್ಲ ಅಂದದ್ದು ನೀವು ಖರೇ ಹೇಳತೀರೇನ ನೋಡಾಕ.”

“ಮತ್ತ ದಾರ್ಯಾಗ ಯಾಕ ಸುಮ್ಮನ ಕುಂತಿದ್ದಿ?”

“ಬಸ್ಸು ಇದಕ್ಕಿಂತ ಜೋರ ಹೋಗತೈತಿ. ನನಗ ಸ್ಪೀಡಿನ ಅಂಜಿಕಿ ಐತಿ ಅಂತ ಯಾರ ಹೇಳಿದರು ನಿಮಗ? ಸುಳ್ಳ ಹೇಳೂ ಗಾಡ್ಯಾಗ ಕುಂದ್ರಂಗಿಲ್ಲ ಅಂದಿದ್ದೆ, ಅಷ್ಟ.”

ಆಮೇಲೆ ನನ್ನ ಕಡೆ ತಿರುಗಿದರು. ನಾನು ಬುಟ್ಟಿಯ ಹಿಂದೆ ಮುಖ ಮರೆಸಿಕೊಂಡೆ.

“ನಿನ್ನ ಮೀಟರ್ ಅಗದಿ ಬರೋಬ್ಬರಿ ಐತಿ ತಮ್ಮಾ. ಮುಂದ ಕುಂತಾಂವಾ ಸುಳ್ಳ, ಹಿಂದ ಕುಂತಾಂವಾ ಸುಳ್ಳ. ಅದೊಂದ ಪಾಪ, ದಾರಿ ತುಂಬ ಖರೇ ಹೇಳಕೋಂತ ಬಂತು.”